ಹೊಸ ಪ್ರಭೇದ ಎನ್ನಲು ಏನು ಬೇಕು? ಸಿಹಿನೀರಿನ ಬ್ಯಾಕ್ಟೀರಿಯಗಳ ವರ್ಗೀಕರಣ: ಒಂದು ಸಮೀಕ್ಷೆ

ಕೆರೆ, ಹೊಳೆ ಅಥವಾ ಸರೋವರದ ಒಂದು ಮಿಲಿಲೀಟರ್ ನೀರಿನಲ್ಲಿ ಸಾಮಾನ್ಯವಾಗಿ 10 ಲಕ್ಷದಷ್ಟು ಬ್ಯಾಕ್ಟೀರಿಯ ಕೋಶಗಳಿರುತ್ತವೆ. ಮಣ್ಣು, ಸಮುದ್ರ, ಪ್ರಾಣಿಗಳ ಕರುಳು, ಸಿಹಿನೀರು ಎಲ್ಲ ನೆಲೆಗಳನ್ನೂ ಸೇರಿಸಿದರೂ ನಿಯಮಬದ್ಧವಾಗಿ ಹೆಸರು ಪಡೆದ ಬ್ಯಾಕ್ಟೀರಿಯ ಪ್ರಭೇದಗಳು 20,000 ದಾಟಿವೆ, ಅಷ್ಟೇ. ಹೊಸ ಹೆಸರುಗಳು ತಿಂಗಳು ತಿಂಗಳೂ ಈ ಪಟ್ಟಿಗೆ ಸೇರುತ್ತಿವೆ. ಕೆರೆಯ ನೀರು, ಹೊಳೆಯ ಕೆಸರು, ಮೀನು ಸಾಕುವ ಕೊಳಗಳಿಂದ ಬಂದವು ಅವುಗಳಲ್ಲಿ ಸಾಕಷ್ಟಿವೆ. ಹೀಗೆ ಒಂದು ಹೆಸರು ಬಂದಾಗಲೆಲ್ಲ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಇದು ಹೊಸದು ಎನ್ನುವುದಕ್ಕೆ ಸಂಶೋಧಕರ ಬಳಿ ಇರುವ ಆಧಾರವೇನು? ಕಳೆದ 50 ವರ್ಷಗಳಲ್ಲಿ ಈ ಪ್ರಶ್ನೆಗೆ ಒಂದಾದ ಮೇಲೊಂದು ಉತ್ತರ ಬಂದಿದೆ. ಪ್ರತಿಯೊಂದೂ ಹಿಂದಿನದರ ಕೊರತೆಯನ್ನು ತುಂಬಿದೆ, ತನ್ನದೇ ಕೊರತೆಯನ್ನೂ ತಂದಿದೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸ್ಪಷ್ಟವಾಗಿ ಕಾಣುವ ಸಂಗತಿಯೆಂದರೆ, ಪ್ರಭೇದದ ಹೆಸರು ಒಂದು ಪ್ರತಿಪಾದನೆ. ಬೇರೊಂದು ಊರಿನ, ಬೇರೊಂದು ಕಾಲದ ಸಂಶೋಧಕರು ಅದನ್ನು ತಾವೇ ಪರೀಕ್ಷಿಸಿ ಒಪ್ಪುವುದಕ್ಕೋ ತಳ್ಳಿಹಾಕುವುದಕ್ಕೋ ಸಾಧ್ಯವಿದ್ದರೆ ಮಾತ್ರ ಆ ಹೆಸರಿಗೆ ಬೆಲೆ. ಬಳಕೆಯಲ್ಲಿರುವ ವಿಧಾನಗಳನ್ನೆಲ್ಲ ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಲ್ಯಾಬಿನ ಕೆಲಸವನ್ನು ನೋಡೋಣ. ತಂದ ನೀರನ್ನು ಹತ್ತು, ನೂರು, ಸಾವಿರ ಪಟ್ಟು ತೆಳುಗೊಳಿಸಿ, ಪ್ರತಿಯೊಂದರಿಂದ 0.1 ಮಿಲಿಲೀಟರ್ ತೆಗೆದು ಅಗಾರ್ ಪ್ಲೇಟಿನ ಮೇಲೆ ಹರಡುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ನಡೆಯುವಂತೆ ಪುಷ್ಟವಾದ ಆಹಾರ ಕೊಟ್ಟು 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ, ಬೇಗ ಬೆಳೆಯುವ ಕೆಲವೇ ಜಾತಿಗಳು ಪ್ಲೇಟನ್ನೆಲ್ಲ ಆವರಿಸಿಬಿಡುತ್ತವೆ. ಕೆರೆಯ ನೀರಿನಲ್ಲಿ ಆಹಾರ ಅತಿ ವಿರಳ. ಅಲ್ಲಿಯ ಬಹುಪಾಲು ಬ್ಯಾಕ್ಟೀರಿಯಗಳು ಆ ಬಡತನಕ್ಕೆ ಒಗ್ಗಿಕೊಂಡವು. ಅದಕ್ಕಾಗಿಯೇ ಈ ಕೆಲಸದಲ್ಲಿ ಆರ್2ಎ ಅಗಾರ್ ಹೆಚ್ಚು ಬಳಕೆಯಲ್ಲಿದೆ. 1985ರಲ್ಲಿ ರೀಸನರ್ ಮತ್ತು ಗೆಲ್ಡ್‌ರೈಖ್ ಕುಡಿಯುವ ನೀರಿನ ಪರೀಕ್ಷೆಗೆಂದು ರೂಪಿಸಿದ ಈ ಮಾಧ್ಯಮದಲ್ಲಿ ಯೀಸ್ಟ್ ಸಾರ, ಪೆಪ್ಟೋನ್, ಗ್ಲೂಕೋಸ್ ಮುಂತಾದವು ಲೀಟರಿಗೆ ಅರ್ಧ ಗ್ರಾಮ್ ಆಸುಪಾಸಿನಲ್ಲಿರುತ್ತವೆ. ಪ್ಲೇಟನ್ನು 20ರಿಂದ 28 ಡಿಗ್ರಿಯಲ್ಲಿ ಒಂದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಇಡುತ್ತಾರೆ. ಆಗ ಸಾಸಿವೆಗಿಂತ ಸಣ್ಣ ಕಾಲನಿಗಳು ಹಳದಿ, ಕಿತ್ತಳೆ, ಬಿಳಿ ಬಣ್ಣಗಳಲ್ಲಿ ಮೂಡುತ್ತವೆ. ಅವುಗಳಲ್ಲಿ ಒಂದನ್ನು ತಂತಿಯ ಕುಣಿಕೆಯಿಂದ ಮುಟ್ಟಿ ಹೊಸ ಪ್ಲೇಟಿನ ಮೇಲೆ ಎಳೆಯುತ್ತಾರೆ. ಒಂದೇ ಬಗೆಯ ಕಾಲನಿ ಮಾತ್ರ ಉಳಿಯುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಕೊನೆಗೆ ಅದನ್ನು ಗ್ಲಿಸರಾಲ್‌ನಲ್ಲಿ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಕಾಪಿಟ್ಟಾಗ ಕೈಯಲ್ಲಿ ಒಂದು ‘ಶುದ್ಧ ತಳಿ’ ಇರುತ್ತದೆ. ಅದು ಹೊಸದೋ ಹಳೆಯದೋ ಎಂಬ ವಿಚಾರಣೆ ಇಲ್ಲಿಂದ ಮುಂದೆ.

ಹಿಂದಿನ ತಲೆಮಾರಿನವರು ಈ ವಿಚಾರಣೆಯನ್ನು ಆಕಾರ ಮತ್ತು ನಡವಳಿಕೆಯ ಮೇಲೆ ನಡೆಸುತ್ತಿದ್ದರು. ಗ್ರಾಮ್ ಸ್ಟೈನ್‌ಗೆ ಯಾವ ಬಣ್ಣ, ಯಾವ ಸಕ್ಕರೆ ಹುದುಗುತ್ತದೆ, ಕ್ಯಾಟಲೇಸ್ ಇದೆಯೇ, ಎಷ್ಟು ಉಪ್ಪು ತಡೆಯುತ್ತದೆ ಎಂಬ ಪ್ರಶ್ನೆಗಳ ಉತ್ತರವೇ ಆಗ ಪ್ರಭೇದದ ಗುರುತು. ಇದರಿಂದ ಹೆಸರುಗಳ ಗೊಂದಲ ಎಷ್ಟು ಬೆಳೆಯಿತೆಂದರೆ, ಅಂತರರಾಷ್ಟ್ರೀಯ ಸಮಿತಿ 1980ರ ಜನವರಿ 1ರಂದು ಹೊಸ ಪಟ್ಟಿಯೊಂದನ್ನು ಜಾರಿಗೆ ತಂದು ಅದರಾಚೆಗಿನ ಹಳೆಯ ಹೆಸರುಗಳನ್ನೆಲ್ಲ ಕೈಬಿಟ್ಟಿತು. 1987ರಲ್ಲಿ ವೇಯ್ನ್ ನೇತೃತ್ವದ ಸಮಿತಿ ಹೊಸ ಅಳತೆ ಕೊಟ್ಟಿತು: ಎರಡು ತಳಿಗಳ ಡಿಎನ್‌ಎ ಎಳೆಗಳನ್ನು ಬಿಡಿಸಿ ಬೆರೆಸಿದಾಗ ಅವು ಶೇಕಡಾ 70 ಅಥವಾ ಹೆಚ್ಚು ಪ್ರಮಾಣದಲ್ಲಿ ಜೊತೆಗೂಡಿದರೆ ಒಂದೇ ಪ್ರಭೇದ. ಈ ಅಳತೆ ಜೀವಿಯ ಇಡೀ ಆನುವಂಶಿಕ ಸಂಪತ್ತನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಅದು ದೊಡ್ಡ ಹೆಜ್ಜೆ. ಆದರೆ ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರ ಫಲಿತಾಂಶಕ್ಕೆ ತಾಳೆಯಾಗುತ್ತಿರಲಿಲ್ಲ. ಪ್ರತಿ ಹೊಸ ತಳಿಯನ್ನೂ ಅದರ ಪ್ರತಿ ಸಂಬಂಧಿಯ ಜೊತೆ ಹೊಸದಾಗಿ ಬೆರೆಸಬೇಕಿತ್ತು. ಬಂದ ಅಂಕೆ ಆ ಎರಡು ತಳಿಗಳಿಗಷ್ಟೇ ಸೀಮಿತವಾಗಿ ಉಳಿಯುತ್ತಿತ್ತು; ಅದರ ಮೇಲೆ ಮುಂದಿನವರು ಕಟ್ಟಲು ಬರುವಂತಿರಲಿಲ್ಲ.

ಹೀಗಾಗಿಯೇ 16ಎಸ್ ಆರ್‌ಆರ್‌ಎನ್‌ಎ ಜೀನ್ ಅಷ್ಟು ಬೇಗ ಎಲ್ಲರ ಮೆಚ್ಚುಗೆ ಗಳಿಸಿತು. ಪ್ರೋಟೀನ್ ತಯಾರಿಸುವ ರೈಬೋಸೋಮಿನ ಭಾಗವಾದ ಆರ್‌ಎನ್‌ಎ ಅಣುವೊಂದನ್ನು ರೂಪಿಸುವ ಈ ಜೀನ್ ಎಲ್ಲ ಬ್ಯಾಕ್ಟೀರಿಯಗಳಲ್ಲೂ ಇದೆ, ಅತಿ ನಿಧಾನವಾಗಿ ಬದಲಾಗುತ್ತದೆ, ಉದ್ದ ಸುಮಾರು 1,500 ಅಕ್ಷರ. ಈ ಅಣುವನ್ನೇ ಹೋಲಿಸಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯ ಎಂಬ ಬೇರೆಯೇ ಜೀವಶಾಖೆಯನ್ನು ಗುರುತಿಸಿದ್ದರು. ಅದರ ಅಕ್ಷರಗಳ ಸರಣಿಯನ್ನು ಒಮ್ಮೆ ಓದಿ ಸಾರ್ವಜನಿಕ ದತ್ತಕೋಶಕ್ಕೆ ಹಾಕಿದರೆ ಸಾಕು, ಜಗತ್ತಿನ ಯಾರು ಬೇಕಾದರೂ ಹೋಲಿಸಬಹುದು. ಹೋಲಿಕೆ ಶೇಕಡಾ 97ಕ್ಕಿಂತ ಕಡಿಮೆಯಾದರೆ ಖಂಡಿತ ಬೇರೆ ಪ್ರಭೇದ ಎಂದು 1994ರಲ್ಲಿ ಹೇಳಲಾಯಿತು. ಆಮೇಲೆ ಆ ಗೆರೆ 98.7ರ ಹತ್ತಿರಕ್ಕೆ ಏರಿತು. ಗೆರೆಯ ಕೆಳಗಿದ್ದರೆ ಬೇರೆ ಎಂಬ ಮಾತು ಇಂದಿಗೂ ಸರಿ. ಗೆರೆಯ ಮೇಲಿದ್ದರೆ ಒಂದೇ ಪ್ರಭೇದ ಎಂದು ತಿರುಗಿಸಿ ಓದಿದಾಗಲೇ ತೊಡಕು.

ಇದಕ್ಕೆ ಸಿಹಿನೀರು ಕೊಡುವ ಸಾಕ್ಷ್ಯ ಬಲವಾದದ್ದು. ಪಾಲಿನ್ಯೂಕ್ಲಿಯೊಬ್ಯಾಕ್ಟರ್ ಎಂಬ ಕುಲಕ್ಕೆ 1987ರಲ್ಲಿ ಹೆಸರಿಟ್ಟಾಗ ಅದರಲ್ಲಿದ್ದದ್ದು ಒಂದೇ ಪ್ರಭೇದ. ಅದು ಯೂಪ್ಲೋಟಿಸ್ ಎಂಬ ಏಕಕೋಶ ಜೀವಿಯ ಒಳಗೆ ವಾಸಿಸುತ್ತಿತ್ತು. ಪೆನಿಸಿಲಿನ್ ಕೊಟ್ಟು ಬ್ಯಾಕ್ಟೀರಿಯವನ್ನು ಕೊಂದರೆ ಆಶ್ರಯ ಕೊಟ್ಟ ಜೀವಿಯೂ ಸಾಯುತ್ತಿತ್ತು. ಮುಂದೆ ಆಸ್ಟ್ರಿಯದ ಮೊಂಡ್‌ಸೇಯಲ್ಲಿ ಮಾರ್ಟಿನ್ ಹಾನ್ ಮತ್ತು ಸಂಗಡಿಗರು ಕೆರೆ, ಕೊಳಗಳ ನೀರಿನಲ್ಲಿ ಸ್ವತಂತ್ರವಾಗಿ ತೇಲುವ ಇದರ ಸಂಬಂಧಿಗಳನ್ನು ಬೆಳೆಸಿದರು. 16ಎಸ್ ಜೀನಿನಲ್ಲಿ ಇವು ಶೇಕಡಾ 99ಕ್ಕೂ ಹೆಚ್ಚು ಹೋಲುತ್ತಿದ್ದವು. ಹಾಗಾಗಿ ಅವನ್ನು ಮೊದಮೊದಲು ಅದೇ ಪ್ರಭೇದದ ಉಪಪ್ರಭೇದವಾಗಿ ಸೇರಿಸಲಾಯಿತು. ಇಡೀ ಜೀನೋಮ್ ಓದಿದ ಮೇಲೆ ಚಿತ್ರವೇ ಬೇರೆಯಾಯಿತು. ಒಂದೇ ಎಂದು ಎಣಿಸಿದ್ದ ಗುಂಪಿನೊಳಗೆ ಜೀನೋಮಿನಲ್ಲಿ ಬಹುದೂರ ಸರಿದ ಹಲವು ಪ್ರಭೇದಗಳಿದ್ದವು. ಆಮ್ಲೀಯ ನೀರಿನಲ್ಲಿ ಬಾಳುವವು ಮತ್ತು ಕ್ಷಾರೀಯ ನೀರಿನಲ್ಲಿ ಬಾಳುವವು ಬೇರೆ ಬೇರೆ ಇದ್ದವು ಎಂದು ಅವರ 2016ರ ಅಧ್ಯಯನ ತೋರಿಸಿತು. 16ಎಸ್ ಜೀನನ್ನಷ್ಟೇ ನೋಡಿ ಕೆರೆಯ ಜೀವಿಗಳ ಪಟ್ಟಿ ಮಾಡುವವರು ಈ ಭೇದವನ್ನೆಲ್ಲ ಕಾಣದೆ ಹೋಗುತ್ತಾರೆ. ಈ ಜೀನ್ ತಳಿಯು ಯಾವ ಕುಲಕ್ಕೆ ಸೇರಿದ್ದೆಂದು ಹೇಳುತ್ತದೆ, ಯಾವ ಪ್ರಭೇದಗಳ ಜೊತೆ ಹೋಲಿಸಬೇಕೆಂದೂ ಹೇಳುತ್ತದೆ. ತೀರ್ಪು ಕೊಡುವ ಶಕ್ತಿ ಅದಕ್ಕಿಲ್ಲ.

ಆ ತೀರ್ಪಿನ ಸ್ಥಾನ ಇಂದು ಇಡೀ ಜೀನೋಮಿನ ಹೋಲಿಕೆಗೆ ಸಂದಿದೆ. ಎರಡು ಜೀನೋಮುಗಳನ್ನು ತುಂಡು ಮಾಡಿ, ಎರಡರಲ್ಲೂ ಇರುವ ಭಾಗಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ಸರಾಸರಿ ತೆಗೆಯುವ ಅಳತೆಗೆ ಎಎನ್‌ಐ ಎಂದು ಹೆಸರು. ಇದರಲ್ಲಿ ಶೇಕಡಾ 95ರಿಂದ 96 ಎಂಬುದು ಹಳೆಯ 70ರ ಗೆರೆಗೆ ಸಮನಾಗಿ ನಿಲ್ಲುತ್ತದೆ ಎಂದು 2005ರಿಂದ 2009ರವರೆಗಿನ ಅಧ್ಯಯನಗಳು ತೋರಿಸಿಕೊಟ್ಟವು. 2018ರಿಂದ ಈಚೆಗೆ ಹೊಸ ಪ್ರಭೇದದ ವಿವರಣೆಯ ಜೊತೆ ಜೀನೋಮ್ ಕೊಡುವುದು ವಾಡಿಕೆಯಾಗಿದೆ. ನಾನು ಹಿಡಿದ ಒರೆಗಲ್ಲಿಗೆ ಈ ಅಳತೆ ಚೆನ್ನಾಗಿ ನಿಲ್ಲುತ್ತದೆ: ಜೀನೋಮ್ ದತ್ತಕೋಶದಲ್ಲಿದ್ದರೆ ಯಾರೇ ಲೆಕ್ಕ ಹಾಕಿದರೂ ಅದೇ ಉತ್ತರ ಬರುತ್ತದೆ, ಹೊಸ ಜೀನೋಮ್ ಬಂದಾಗ ಹಳೆಯ ಕೆಲಸ ವ್ಯರ್ಥವಾಗುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳಿವೆ, ಎರಡೂ ಗಂಭೀರವಾದವು. ಮೊದಲನೆಯದು, 95 ಎಂಬುದು ಮನುಷ್ಯರು ಎಳೆದ ಗೆರೆ, ನಿಸರ್ಗದಲ್ಲಿ ಅಂಥ ಗೆರೆಯೇ ಇಲ್ಲ ಎಂಬುದು. ಬ್ಯಾಕ್ಟೀರಿಯಗಳು ದೂರದ ಸಂಬಂಧಿಗಳಿಂದಲೂ ಜೀನುಗಳನ್ನು ಪಡೆಯುತ್ತವೆ. 2002ರಲ್ಲಿ ಇ. ಕೋಲಿಯ ಮೂರು ತಳಿಗಳನ್ನು ಹೋಲಿಸಿದಾಗ, ಮೂರರಲ್ಲೂ ಒಟ್ಟಾಗಿ ಸಿಕ್ಕ ಪ್ರೋಟೀನುಗಳಲ್ಲಿ ಶೇಕಡಾ 39.2 ಮಾತ್ರ ಮೂರಕ್ಕೂ ಸಮಾನವಾಗಿದ್ದವು. ಒಂದೇ ಪ್ರಭೇದದೊಳಗೆ ಇಷ್ಟು ವ್ಯತ್ಯಾಸವಿದ್ದರೆ ಪ್ರಭೇದ ಎಂಬ ಮಾತಿಗೆ ಅರ್ಥವೇನು? ಇದಕ್ಕೆ 2018ರ ಒಂದು ಅಧ್ಯಯನ ಭಾಗಶಃ ಉತ್ತರ ಕೊಟ್ಟಿತು. 90,000 ಜೀನೋಮುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದಾಗ, ಹೋಲಿಕೆ 95ಕ್ಕಿಂತ ಮೇಲೆ ಅಥವಾ 83ಕ್ಕಿಂತ ಕೆಳಗೆ ದಟ್ಟವಾಗಿ ನೆರೆದಿತ್ತು, ನಡುವೆ ಬಹುತೇಕ ಖಾಲಿಯಿತ್ತು. ದತ್ತಕೋಶದಲ್ಲಿ ರೋಗಾಣುಗಳ ಜೀನೋಮುಗಳೇ ಹೆಚ್ಚು, ಆ ಪಕ್ಷಪಾತದಿಂದ ಈ ಅಂತರ ಉತ್ಪ್ರೇಕ್ಷಿತವಾಗಿ ಕಂಡಿದೆ ಎಂದು 2021ರಲ್ಲಿ ಬಂದ ಮರುಪರಿಶೀಲನೆ ವಾದಿಸಿತು. ಈ ವಾದವನ್ನು ನಾನು ಒಪ್ಪುತ್ತೇನೆ. 95ನ್ನು ನಿಸರ್ಗದ ನಿಯಮವೆಂದು ಪೂಜಿಸಬೇಕಿಲ್ಲ. ಅದು ಒಂದು ಒಪ್ಪಂದ. ಹೆಚ್ಚಿನ ಸಂದರ್ಭಗಳಲ್ಲಿ ನಿಸರ್ಗದಲ್ಲಿರುವ ಗುಂಪುಗಳಿಗೆ ಹತ್ತಿರವಾಗಿ ಬೀಳುವ ಒಪ್ಪಂದ. ಅಳತೆ 94.6 ಬಂದಿತೆಂದು ಅಷ್ಟರಿಂದಲೇ ಹೊಸ ಪ್ರಭೇದ ಘೋಷಿಸುವುದು ತಪ್ಪು. ಅಂಥಲ್ಲಿ ಬೇರೆ ಸಾಕ್ಷ್ಯ ಮಾತಾಡಬೇಕು.

ಎರಡನೆಯ ಆಕ್ಷೇಪ ಬಳಕೆಯ ಕಡೆಯಿಂದ ಬರುತ್ತದೆ. ಹೆಸರುಗಳನ್ನು ಹೀಗೆ ಒಡೆಯುತ್ತಾ ಹೋದರೆ ವೈದ್ಯರಿಗೂ ರೈತರಿಗೂ ಆಗುವ ಲಾಭವೇನು ಎಂಬುದು ಅದು. ಜೀನೋಮಿನ ಪ್ರಕಾರ ಇ. ಕೋಲಿಯೊಳಗೇ ಸೇರುವ ಷಿಗೆಲ್ಲವನ್ನು ಆಮಶಂಕೆಯ ಚಿಕಿತ್ಸೆಯ ಅನುಕೂಲಕ್ಕಾಗಿ ಬೇರೆ ಕುಲವಾಗಿಯೇ ಉಳಿಸಿಕೊಂಡಿರುವುದು ಇದಕ್ಕೆ ಉದಾಹರಣೆ. ಆದರೆ ಜೀನೋಮ್ ಎಳೆದ ಗೆರೆಯೇ ಬಳಕೆಗೆ ಬಂದ ಉದಾಹರಣೆಯೂ ಸಿಹಿನೀರಿನಲ್ಲಿದೆ. ಮೀನಿನ ಕಿವಿರು, ಚರ್ಮಗಳನ್ನು ಕೊಳೆಸುವ ಕಾಲಮ್ನೇರಿಸ್ ರೋಗವನ್ನು 1922ರಲ್ಲಿ ಡೇವಿಸ್ ವಿವರಿಸಿದರು. ಅಲ್ಲಿಂದ 100 ವರ್ಷ ಅದಕ್ಕೆ ಕಾರಣವೆಂದು ಹೆಸರಿಸುತ್ತಿದ್ದದ್ದು ಇಂದು ಫ್ಲೇವೊಬ್ಯಾಕ್ಟೀರಿಯಮ್ ಕಾಲಮ್ನೇರ್ ಎನಿಸಿಕೊಳ್ಳುವ ಒಂದೇ ಪ್ರಭೇದವನ್ನು. 2022ರಲ್ಲಿ ಜೀನೋಮುಗಳನ್ನು ಹೋಲಿಸಿದಾಗ ಅದು ನಾಲ್ಕಾಗಿ ಬಿಡಿಸಿಕೊಂಡಿತು: ಹಳೆಯ ಕಾಲಮ್ನೇರ್ ಜೊತೆಗೆ ಕೊವೇ, ಡೇವಿಸಿಯೈ, ಒರಿಯೋಕ್ರೋಮಿಸ್. ಕೊನೆಯದು ತಿಲಾಪಿಯ ಮೀನಿಗೆ ಅಂಟಿಕೊಂಡಿರುವ ಗುಂಪು. ಯಾವ ಮೀನಿಗೆ ಯಾವ ಗುಂಪು ಹೆಚ್ಚು ಅಪಾಯ, ಲಸಿಕೆಯನ್ನು ಯಾವುದರ ವಿರುದ್ಧ ತಯಾರಿಸಬೇಕು ಎಂಬ ಪ್ರಶ್ನೆಗಳನ್ನು ಸರಿಯಾಗಿ ಕೇಳಲು ಈ ಬಿಡಿಸುವಿಕೆ ಬೇಕಾಗಿತ್ತು. ಒಳನಾಡು ಮೀನುಗಾರಿಕೆಯನ್ನು ನಂಬಿದ ನಮ್ಮಂಥ ನಾಡಿಗೂ ಇದು ಕೇವಲ ಪಂಡಿತರ ಚರ್ಚೆಯಲ್ಲ.

ಹಾಗಾದರೆ ಜೀನೋಮ್ ಸಿಕ್ಕ ಮೇಲೆ ಹಳೆಯ ಪರೀಕ್ಷೆಗಳೆಲ್ಲ ಬೇಡವೇ? 1970ರಲ್ಲಿ ರೀಟಾ ಕಾಲ್ವೆಲ್ ಪ್ರತಿಪಾದಿಸಿದ ‘ಬಹುಮುಖಿ ವರ್ಗೀಕರಣ’ವು ಆನುವಂಶಿಕತೆ, ರಾಸಾಯನಿಕ ರಚನೆ, ನಡವಳಿಕೆ ಎಲ್ಲವನ್ನೂ ಒಟ್ಟಿಗೆ ತೂಗಬೇಕೆನ್ನುತ್ತದೆ. ಇಂದಿನ ವಿವರಣೆಗಳಲ್ಲಿ ಅದು ಬಹುಮಟ್ಟಿಗೆ ಒಂದು ಕೋಷ್ಟಕವಾಗಿ ಉಳಿದಿದೆ: ಕೊಬ್ಬಿನಾಮ್ಲಗಳ ಪ್ರಮಾಣ, ಕ್ವಿನೋನ್ ಯಾವುದು, ಹತ್ತಿಪ್ಪತ್ತು ಸಕ್ಕರೆಗಳಿಗೆ ಪ್ಲಸ್ ಅಥವಾ ಮೈನಸ್. ಇವುಗಳಲ್ಲಿ ಕೆಲವಕ್ಕೆ ಬೆಲೆಯಿದೆ. ಫ್ಲೇವೊಬ್ಯಾಕ್ಟೀರಿಯಮ್ ಎಂದು ಹೇಳಿಕೊಂಡ ತಳಿಯಲ್ಲಿ ಎಂಕೆ-6 ಕ್ವಿನೋನ್ ಮುಖ್ಯವಾಗಿಲ್ಲದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ. ಆದರೆ ಕೊಬ್ಬಿನಾಮ್ಲದ ಪ್ರಮಾಣ ಬೆಳೆಸಿದ ಮಾಧ್ಯಮ, ತಾಪಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಪಟ್ಟಿಪರೀಕ್ಷೆಯ ನಸು ಬಣ್ಣವನ್ನು ಒಬ್ಬರು ಪ್ಲಸ್ ಎಂದರೆ ಇನ್ನೊಬ್ಬರು ಮೈನಸ್ ಎನ್ನುತ್ತಾರೆ. ಇಂಥ ಕೋಷ್ಟಕಕ್ಕೆ ಖರ್ಚಾಗುವ ಶ್ರಮವನ್ನು ಜೀವಿಯ ಬದುಕನ್ನು ಅರಿಯುವುದಕ್ಕೆ ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಾಲಿನ್ಯೂಕ್ಲಿಯೊಬ್ಯಾಕ್ಟರ್ ಪ್ರಭೇದಗಳು ಯಾವ ಪಿಎಚ್ ಇರುವ ನೀರಿನಲ್ಲಿ ಬಾಳುತ್ತವೆ ಎಂಬ ಒಂದೇ ಸಂಗತಿ, ಅವು ಯಾವ ಸಕ್ಕರೆ ತಿನ್ನುತ್ತವೆ ಎಂಬ ಉದ್ದ ಪಟ್ಟಿಗಿಂತ ಹೆಚ್ಚು ತಿಳಿಸುತ್ತದೆ.

ಒಂದೇ ತಳಿಯ ಆಧಾರದ ಮೇಲೆ ಪ್ರಭೇದ ಸ್ಥಾಪಿಸುವ ರೂಢಿಯನ್ನೂ ಇಲ್ಲಿಯೇ ಪ್ರಶ್ನಿಸಬೇಕು. ಇಂದು ಪ್ರಕಟವಾಗುವ ಬಹುಪಾಲು ವಿವರಣೆಗಳ ಹಿಂದೆ ಇರುವುದು ಒಂದೇ ಕಾಲನಿಯಿಂದ ಬಂದ ಒಂದೇ ತಳಿ. ಪ್ರಭೇದದೊಳಗಿನ ವೈವಿಧ್ಯ ಎಷ್ಟು, ಯಾವ ಗುಣ ಎಲ್ಲದರಲ್ಲೂ ಇದೆ, ಯಾವುದು ಆ ಒಂದು ತಳಿಯದೇ ಎಂಬುದನ್ನು ಒಂದೇ ಮಾದರಿಯಿಂದ ಹೇಳಲಾಗದು. ವಿರಳ ಜೀವಿಗಳಿಗೆ ಎರಡನೆಯ ತಳಿ ಸಿಗುವವರೆಗೆ ಕಾಯುತ್ತ ಕೂತರೆ ಹೆಸರೇ ಇಡಲಾಗದು ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಜಗತ್ತಿನ ಕೆರೆಗಳ ಡಿಎನ್‌ಎ ಸರಣಿಗಳು ದತ್ತಕೋಶಗಳಲ್ಲಿ ರಾಶಿ ಬಿದ್ದಿರುವಾಗ, ಈ ಜೀವಿ ಬೇರೆಲ್ಲಿ ಕಾಣಿಸಿದೆ ಎಂದು ಹುಡುಕಿ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಈಗ ಅತಿ ಕಠಿಣ ಪ್ರಶ್ನೆಗೆ ಬರೋಣ: ಜೀವಂತ ತಳಿಯಿಲ್ಲದೆ ಪ್ರಭೇದಕ್ಕೆ ಹೆಸರಿಡಬಹುದೇ? ಬ್ಯಾಕ್ಟೀರಿಯಗಳ ನಾಮಕರಣ ಸಂಹಿತೆಯ ಪ್ರಕಾರ ಹೊಸ ಪ್ರಭೇದದ ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು, ಕೇಳಿದವರಿಗೆ ಅದು ಸಿಗಬೇಕು. ಆದರೆ ಪ್ಲೇಟಿನ ಮೇಲೆ ಬೆಳೆಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುವ ಕೋಶಗಳ ಒಂದು ಸಣ್ಣ ಪಾಲು ಮಾತ್ರ. ಸ್ಟೇಲಿ ಮತ್ತು ಕೊನೋಪ್ಕ 1985ರಲ್ಲೇ ಈ ಅಂತರವನ್ನು ಎತ್ತಿ ತೋರಿಸಿದ್ದರು. ಎಸಿ-1 ಎಂದು ಕರೆಯುವ ಆಕ್ಟಿನೊಬ್ಯಾಕ್ಟೀರಿಯ ಗುಂಪು ಕೆಲವು ಸರೋವರಗಳಲ್ಲಿ ಒಟ್ಟು ಬ್ಯಾಕ್ಟೀರಿಯಗಳ ಅರ್ಧದಷ್ಟಿರುತ್ತದೆ. ಆದರೂ ದಶಕಗಟ್ಟಲೆ ಅದನ್ನು ಬೆಳೆಸಲಾಗಲಿಲ್ಲ. ಅದಕ್ಕೆ ಸಿಕ್ಕದ್ದು ‘ಕ್ಯಾಂಡಿಡೇಟಸ್’ ಎಂಬ ತಾತ್ಕಾಲಿಕ ಪಟ್ಟ ಮಾತ್ರ, ಸಂಹಿತೆಯಲ್ಲಿ ಆಗ ಅದಕ್ಕೆ ಅಧಿಕೃತ ಸ್ಥಾನವಿರಲಿಲ್ಲ. ಸುಲಭವಾಗಿ ಬೆಳೆಯುವ ವಿರಳ ಜೀವಿಗಳಿಗೆ ಹೆಸರು, ಕೆರೆಯನ್ನೇ ತುಂಬಿರುವ ಜೀವಿಗೆ ಇಲ್ಲ. ಈ ಅಸಮತೋಲವನ್ನು ಸರಿಪಡಿಸಲೆಂದೇ 2022ರಲ್ಲಿ ‘ಸೀಕ್‌ಕೋಡ್’ ಎಂಬ ಇನ್ನೊಂದು ಸಂಹಿತೆ ಬಂದಿತು. ಅದರ ಪ್ರಕಾರ ಗುಣಮಟ್ಟದ ಜೀನೋಮೇ ಪ್ರಭೇದದ ಮಾದರಿಯಾಗಬಹುದು.

ಜೀವಂತ ತಳಿಯ ಪಕ್ಷದವರು ಇದನ್ನು ವಿರೋಧಿಸುವುದಕ್ಕೆ ಬಲವಾದ ಕಾರಣವಿದೆ. 1976ರಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ಮಾರಕ ನ್ಯುಮೋನಿಯ ತಗುಲಿತು. ಸಿಹಿನೀರಿನಲ್ಲಿ, ಅಮೀಬಗಳೊಳಗೆ ಬೆಳೆಯುವ ಲೀಜಿಯೊನೆಲ್ಲ ಅದರ ಕಾರಣವೆಂದು ಮರುವರ್ಷ ತಿಳಿಯಿತು. 1979ರಲ್ಲಿ ಅದಕ್ಕೆ ಹೆಸರಾಯಿತು. ಆಗ ಹಳೆಯ ಸಂಗ್ರಹಗಳನ್ನು ತೆಗೆದು ನೋಡಿದರೆ, 1947ರಲ್ಲಿ ಬೇರ್ಪಡಿಸಿ ಏನೆಂದು ಗೊತ್ತಾಗದೆ ಇಟ್ಟಿದ್ದ ತಳಿಯೊಂದು ಇದೇ ಆಗಿತ್ತು. ಏರೋಮೊನಾಸ್ ಕುಲದ ಕಥೆಯೂ ಇದನ್ನೇ ಹೇಳುತ್ತದೆ. ಬಾಂಗ್ಲಾದೇಶದ ಮಕ್ಕಳ ಭೇದಿಯಿಂದ 2002ರಲ್ಲಿ ವಿವರಿಸಿದ ಉಪಪ್ರಭೇದ, ಅಲಂಕಾರಿಕ ಮೀನುಗಳಿಂದ 2008ರಲ್ಲಿ ವಿವರಿಸಿದ ಪ್ರಭೇದ ಎರಡೂ ಒಂದೇ ಎಂದು 2013ರಲ್ಲಿ ಗೊತ್ತಾಯಿತು. ಅವನ್ನು ಏರೋಮೊನಾಸ್ ಢಾಕೆನ್ಸಿಸ್ ಎಂಬ ಒಂದೇ ಹೆಸರಿಗೆ ತಂದರು. ಎರಡರ ಮಾದರಿ ತಳಿಗಳೂ ಸಂಗ್ರಹಾಲಯದಲ್ಲಿ ಜೀವಂತವಾಗಿದ್ದುದರಿಂದಲೇ ಮೂರನೆಯವರು ಅವನ್ನು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಜೀನೋಮ್ ಇಂದಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ತಳಿ ಇದ್ದರೆ ನಾಳೆ ಹುಟ್ಟುವ ಪ್ರಶ್ನೆಗಳನ್ನೂ ಕೇಳಬಹುದು.

ಹಾಗೆಂದು ಬೆಳೆಯದ ಜೀವಿಗಳನ್ನು ಹೆಸರಿಲ್ಲದೆ ಬಿಡಬೇಕೆಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಎಸಿ-1 ಗುಂಪಿನ ಮುಂದಿನ ಕಥೆ ಇಲ್ಲಿ ಮುಖ್ಯ. ದಕ್ಷಿಣ ಕೊರಿಯದ ಸೊಯಾಂಗ್ ಸರೋವರದ ನೀರಿನೊಡನೆ ಕೆಲಸ ಮಾಡಿದ ತಂಡವೊಂದು, ಮಾಧ್ಯಮಕ್ಕೆ ಕ್ಯಾಟಲೇಸ್ ಕಿಣ್ವ ಬೆರೆಸಿದರೆ ಇವು ಶುದ್ಧವಾಗಿ ಬೆಳೆಯುತ್ತವೆ ಎಂದು 2019ರಲ್ಲಿ ತೋರಿಸಿತು. ಮಾಧ್ಯಮದಲ್ಲಿ ತಾನಾಗಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಈ ಪುಟ್ಟ ಜೀವಿ ತಾಳದು. ಕೆರೆಯಲ್ಲಿ ಸುತ್ತಲಿನ ಬ್ಯಾಕ್ಟೀರಿಯಗಳು ಅದನ್ನು ಒಡೆಯುವುದರಿಂದ ಅದು ಬದುಕುತ್ತದೆ. ದಶಕಗಳ ಕಾಲ ‘ಬೆಳೆಯದ ಜೀವಿ’ ಎನಿಸಿಕೊಂಡಿದ್ದಕ್ಕೆ ಬೇಕಾಗಿದ್ದದ್ದು ಒಂದು ಕಿಣ್ವ. ಜೀನೋಮ್ ಓದುವುದು ಲ್ಯಾಬಿನಲ್ಲಿ ಜೀವಿಯನ್ನು ಬೆಳೆಸುವುದಕ್ಕೆ ಪ್ರತಿಸ್ಪರ್ಧಿ ಎಂದು ನೋಡುವುದು ಸರಿಯಲ್ಲ. ಜೀವಿಗೆ ಏನು ಬೇಕು ಎಂಬುದರ ಸುಳಿವು ಜೀನೋಮಿನಲ್ಲೇ ಇರುತ್ತದೆ. ಆದ್ದರಿಂದ ಜೀನೋಮ್ ಆಧಾರಿತ ಹೆಸರಿಗೆ ಬಾಗಿಲು ತೆರೆದಿರಲಿ, ಆದರೆ ಕಚ್ಚಾ ದತ್ತಾಂಶವೂ ಸೇರಿ ಎಲ್ಲವೂ ಮುಕ್ತವಾಗಿರಲಿ. ಅದೇ ಜೀವಿಯ ತಳಿ ಮುಂದೆ ಸಿಕ್ಕಾಗ ಆ ಜೀವಂತ ತಳಿಯೇ ಮಾದರಿಯ ಸ್ಥಾನಕ್ಕೆ ಬರಲಿ.

ಈ ಚರ್ಚೆಯಲ್ಲಿ ಭಾರತಕ್ಕೆ ತನ್ನದೇ ಒಂದು ಗಂಟು ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಜೀವಿಯನ್ನು ಕಂಡವರು ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ ಅಂಥದೊಂದು ಸಂಗ್ರಹಾಲಯ. ಜೈವಿಕ ಸಂಪನ್ಮೂಲ ದೇಶದ ಹೊರಗೆ ಹೋಗುವುದಕ್ಕೂ ಕಾಯ್ದೆಯ ಕಟ್ಟಳೆಗಳಿವೆ. ಇತ್ತ ಅಂತರರಾಷ್ಟ್ರೀಯ ಸಂಹಿತೆ, ನಿರ್ಬಂಧ ಹಾಕಿ ಇಟ್ಟ ತಳಿಯನ್ನು ಮಾದರಿಯೆಂದು ಒಪ್ಪುವುದಿಲ್ಲ. ಕಾಯ್ದೆಯ ಆಶಯ ನ್ಯಾಯವಾದದ್ದು: ನಮ್ಮ ಕೆರೆಯ ಜೀವಿಯಿಂದ ಬೇರೆಯವರು ಲಾಭ ಮಾಡಿಕೊಂಡರೆ ಅದರಲ್ಲಿ ನಮಗೂ ಪಾಲಿರಬೇಕು. ಆದರೆ ವರ್ಗೀಕರಣಕ್ಕೆಂದು ಹೋಲಿಸಿ ನೋಡುವುದು ಬೇರೆ, ವ್ಯಾಪಾರಕ್ಕೆ ಬಳಸುವುದು ಬೇರೆ. ಎರಡಕ್ಕೂ ಒಂದೇ ಅಡೆತಡೆ ಇದ್ದರೆ ನಮ್ಮ ಸಂಶೋಧಕರು ಕಂಡುಹಿಡಿದ ಪ್ರಭೇದಗಳ ಹೆಸರೇ ಅಮಾನ್ಯವಾಗುವ ಅಪಾಯವಿದೆ. ಹೋಲಿಕೆಗಾಗಿ ತಳಿ ಹಂಚುವುದಕ್ಕೆ ಸರಳ ಅನುಮತಿ, ವಾಣಿಜ್ಯ ಬಳಕೆಗೆ ಕಟ್ಟುನಿಟ್ಟಿನ ಒಪ್ಪಂದ ಎಂದು ಎರಡು ದಾರಿ ಮಾಡಿದರೆ ನ್ಯಾಯಕ್ಕೂ ವಿಜ್ಞಾನಕ್ಕೂ ಹಾನಿಯಿಲ್ಲ.

ಇಷ್ಟನ್ನೂ ಕೂಡಿಸಿದರೆ, ಹೊಸ ಪ್ರಭೇದ ಎನ್ನಲು ಏನು ಬೇಕು ಎಂಬುದಕ್ಕೆ ನನ್ನ ಉತ್ತರ ಹೀಗೆ. ಗೆರೆ ಎಳೆಯಲು ಸಾರ್ವಜನಿಕವಾಗಿ ಲಭ್ಯವಿರುವ ಪೂರ್ಣ ಜೀನೋಮ್ ಬೇಕು. ಗೆರೆಯ ಹತ್ತಿರ ಬಿದ್ದ ತಳಿಗಳಿಗೆ ಅವು ಎಲ್ಲಿ, ಹೇಗೆ ಬಾಳುತ್ತವೆ ಎಂಬ ಸಾಕ್ಷ್ಯ ಬೇಕು. ಸಾಧ್ಯವಿದ್ದಲ್ಲೆಲ್ಲ ಒಂದಕ್ಕಿಂತ ಹೆಚ್ಚು ತಳಿಗಳು, ಸಾಧ್ಯವಿಲ್ಲದಲ್ಲಿ ಆ ಜೀವಿ ಬೇರೆಲ್ಲೆಲ್ಲಿ ಕಂಡಿದೆ ಎಂಬ ಹುಡುಕಾಟ ಬೇಕು. ಬೆಳೆಯುವ ಜೀವಿಯಾದರೆ ಯಾರಿಗೂ ಸಿಗುವಂತೆ ಜೀವಂತ ತಳಿ ಇರಬೇಕು. ಒಬ್ಬರು ಒಮ್ಮೆ ಮಾಡಿ ಮುಗಿಸಿದ, ಮತ್ತೊಬ್ಬರು ಮತ್ತೆ ಮಾಡಲಾಗದ ಪರೀಕ್ಷೆಗಳ ಕೋಷ್ಟಕವನ್ನು ಧೈರ್ಯವಾಗಿ ಕೈಬಿಡಬಹುದು. ಕೆರೆಯ ನೀರಿನಲ್ಲಿ ಹೆಸರಿಲ್ಲದ ಜೀವಿಗಳು ಇನ್ನೂ ಅಸಂಖ್ಯ, ಹೆಸರಿಡುವ ಉತ್ಸಾಹಕ್ಕೆ ಕೊರತೆಯಿಲ್ಲ. ಪ್ರಕಟವಾಗುವ ಪ್ರತಿ ಹೆಸರಿನ ಜೊತೆ ಅದನ್ನು ತಪ್ಪೆಂದು ತೋರಿಸಲು ಬೇಕಾದ ಸಾಮಗ್ರಿಯನ್ನೂ ಓದುಗರ ಕೈಗಿಡುವ ಪ್ರಾಮಾಣಿಕತೆಯನ್ನು ಪತ್ರಿಕೆಗಳೂ ಪರಿಶೀಲಕರೂ ಕಡ್ಡಾಯ ಮಾಡಬೇಕು.